ಆಯಿಲ್ ಕೂಲರೂ ನನ್ನ ವೇಳಾಪಟ್ಟಿಯೂ

ಐದಕ್ಕೆ ತಣ್ಣೀರು ಸ್ನಾನ, ಐದೂವರೆಗೆ ಕಾಫಿ, ಆರಕ್ಕೆ ವಾಕಿಂಗ್ ಎಂದು ಬದುಕಿದವನಿಗೆ ಒಂದು ದೋಷ ಅಂಟಿಕೊಳ್ಳುತ್ತದೆ. ತನಗೆ ಒಗ್ಗಿದ್ದು ಲೋಕಕ್ಕೆಲ್ಲ ಒಗ್ಗುತ್ತದೆಂದು ಅವನು ನಂಬುತ್ತಾನೆ. ನಾನು ಕಾರಿನ ಎಂಜಿನ್ನಿಗೂ ಒಗ್ಗುತ್ತದೆಂದು ನಂಬಿದ್ದೆ.

ನನ್ನ ಹೆಂಡತಿ ಶಾರದೆ ಅರವತ್ತೆರಡನೆಯ ವಯಸ್ಸಿನಲ್ಲಿ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು, ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸತೊಡಗಿದಳು. ನಾವಿರುವ ಬಸವನಗುಡಿಯಲ್ಲಿ ಅವಳು ಇಪ್ಪತ್ತು ಕಿಲೋಮೀಟರ್ ವೇಗ ದಾಟುವುದಿಲ್ಲ. ದಾಟಲು ಜಾಗವೂ ಇಲ್ಲ. ಟ್ರ್ಯಾಕಿನಲ್ಲಿ ಒಂದು ಸರದಿಗೆ ಇಪ್ಪತ್ತು ನಿಮಿಷ. ಹೋದ ಮೂರು ಸಲವೂ ಐದನೇ ನಿಮಿಷಕ್ಕೇ ಎಂಜಿನ್ ಆಯಿಲ್ ವಿಪರೀತ ಕಾದು, ಮುಖ ಚಿಕ್ಕದು ಮಾಡಿಕೊಂಡು ವಾಪಸು ಬಂದಿದ್ದಳು. "ಈ ಸಲನೂ ಇಪ್ಪತ್ತು ನಿಮಿಷ ಜೋರಾಗಿ ಓಡ್ಸೋಕಾಗ್ದಿದ್ರೆ ಕಾರ್ ಮಾರ್ಬಿಟ್ಟು ಎದುರುಮನೆ ಭಜನೆಗೆ ಸೇರ್ಕೋತೀನಿ" ಎಂದಳು. ಅವಳ ಕಂಠ ನನಗೆ ಗೊತ್ತು. ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಣಿಸುವ ಆಯಿಲ್ ಕೂಲರ್ ಆರಿಸುವ ಹೊಣೆಯನ್ನು ಕೂಡಲೇ ಹೊತ್ತುಕೊಂಡೆ.

ಚಾಮರಾಜಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಜೀರ್ ಮೂರು ಕೂಲರ್ ಮುಂದಿಟ್ಟ. ನಿವೃತ್ತ ಹೆಡ್‌ಮಾಸ್ಟರನಾದ ನಾನು ಮೂರಕ್ಕೂ ಅಂಕ ಹಾಕಿದೆ. ಹಾರ್ಮೋನಿಯಂ ಗಾತ್ರದ್ದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು.

"ಸಾರ್, ಇಷ್ಟ್ ದೊಡ್ಡದಕ್ಕೆ ಥರ್ಮೋಸ್ಟಾಟ್ ಹಾಕಿಸ್ಲೇಬೇಕು. ಆಯಿಲ್ ಸ್ವಲ್ಪ ಕಾಯೋವರ್ಗೂ ಅದು ಕೂಲರ್ ಕಡೆ ಬಿಡಲ್ಲ."

"ನಮ್ಮನೇಲಿ ಇಬ್ರೂ ತಣ್ಣೀರೇ ಹುಯ್ಕೋಳೋದು. ಯಾರಿಗೂ ಥರ್ಮೋಸ್ಟಾಟ್ ಇಲ್ಲ."

"ಮೇಡಂಗೂನಾ ಸಾರ್?"

ಅಧಿಕಪ್ರಸಂಗ ಬೇಡವೆಂದು ಗದರಿ, ಥರ್ಮೋಸ್ಟಾಟ್ ಇಲ್ಲದೆಯೇ ದೊಡ್ಡದನ್ನು ಹಾಕಿಸಿದೆ.

ಭಾನುವಾರ ಟ್ರ್ಯಾಕಿನಲ್ಲಿ ಚಳಿಗಾಳಿ. ಆಯಿಲ್ ಎಂಬತ್ತು ಡಿಗ್ರಿ ಮುಟ್ಟುವ ತನಕ ಜೋರಾಗಿ ಓಡಿಸಕೂಡದೆಂದು ನಾನೇ ದಪ್ಪಕ್ಷರದಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದ್ದೆ. ದೊಡ್ಡ ಕೂಲರಿನ ದೆಸೆಯಿಂದ ಆಯಿಲ್ ಅರವತ್ತರಿಂದ ಮೇಲೇರಲಿಲ್ಲ. ಶಾರದೆ ಇಪ್ಪತ್ತು ನಿಮಿಷವೂ ದೇವಸ್ಥಾನದ ಪ್ರದಕ್ಷಿಣೆ ಹಾಕುವವಳಂತೆ ಸುತ್ತಿದಳು. ನೀಲಿ ಕಾರಿನವನೊಬ್ಬ ನಾಲ್ಕು ಸಲ ಅವಳನ್ನು ದಾಟಿ, ನಾಲ್ಕು ಸಲವೂ ಕೈಯೆತ್ತಿ ನಮಸ್ಕರಿಸಿದ.

"ಭಜನೆಗೆ ತಾಳ ನೀವೇ ಕೊಡ್ಸಿ" ಎಂದಳು, ಕಾರಿನಿಂದ ಇಳಿದು.

ಇನ್ನೊಂದೇ ಸರದಿ ಉಳಿದಿತ್ತು. ಜೊತೆಗೆ ಬಂದಿದ್ದ ನಜೀರ್, "ಅರ್ಧ ಕೂಲರ್ ಮುಚ್ಬಿಡೋಣ ಮೇಡಂ, ಗಾಳಿ ಕಮ್ಮಿ ಆದ್ರೆ ಆಯಿಲ್ ಕಾಯುತ್ತೆ. ರಟ್ಟು ಏನಾದ್ರೂ ಇದ್ಯಾ?" ಎಂದ. ಇಬ್ಬರೂ ನನ್ನ ಕೊರಳನ್ನು ನೋಡಿದರು. ಅಲ್ಲಿ ಎಂದಿನಂತೆ, ರಟ್ಟಿಗೆ ಅಂಟಿಸಿದ ದಿನದ ವೇಳಾಪಟ್ಟಿ ನೇತಾಡುತ್ತಿತ್ತು: ಏಳಕ್ಕೆ ಇಡ್ಲಿ, ಹನ್ನೊಂದಕ್ಕೆ ಮಜ್ಜಿಗೆ, ಹನ್ನೆರಡೂವರೆಗೆ ಊಟ. ಕಳಚಿ ಕೊಟ್ಟೆ. ಶಾರದೆಯೇ ಅದಕ್ಕೆ ಟೇಪು ಹಾಕಿ ಒತ್ತಿದಳು, ಅಗತ್ಯಕ್ಕಿಂತ ಜಾಸ್ತಿಯೇ.

ತೊಂಬತ್ತೈದು ಡಿಗ್ರಿ. ಇಪ್ಪತ್ತು ನಿಮಿಷವೂ ಹಾರಿದಳು. ನೀಲಿ ಕಾರನ್ನು ದಾಟುವಾಗ ನಮಸ್ಕರಿಸಲು ಪುರುಸೊತ್ತಾಗಲಿಲ್ಲವಂತೆ.

ಹಿಂದಿರುಗುವಾಗ, ಸೋತವನ ಗಾಂಭೀರ್ಯದಿಂದ, "ಥರ್ಮೋಸ್ಟಾಟ್ ಹಾಕಿಸೋಣ. ನಮ್ಮನೆಗೂ ಒಂದು ಬರಲಿ" ಎಂದೆ.

"ಆಗ್ಲೇ ಇದೆಯಲ್ರೀ, ನೆಂಟರಿಗೆ ಅಂತ ಇಟ್ಟಿರೋ ಗೀಸರ್‌ನಲ್ಲಿ. ನೀವು ವಾಕಿಂಗ್ ಹೊರಟ್ಮೇಲೆ ದಿನಾ ಅದನ್ನ ಹಾಕ್ಕೊಂಡೇ ನಾನು ಸ್ನಾನ ಮಾಡೋದು."

ಆರಕ್ಕೆ ಒಂದು ನಿಮಿಷವೂ ತಪ್ಪದೆ ಮನೆಯಿಂದ ಹೊರಬೀಳುವ ನನ್ನ ಶಿಸ್ತನ್ನು ಅವಳು ಇಷ್ಟು ವರ್ಷ ಬಂಧುಬಳಗದ ಮುಂದೆಲ್ಲ ಯಾಕೆ ಹೊಗಳುತ್ತಿದ್ದಳೆಂದು ಆಗ ತಿಳಿಯಿತು.