ಮೊದಲಿನ ನೋವು ಹೇಗಿತ್ತು?

ಇದರಲ್ಲಿ ಒಂದೆರಡು ಸಂಗತಿ ತಪ್ಪಿದ್ದರೆ ಆಶ್ಚರ್ಯವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ವರ್ಷಗಟ್ಟಲೆ ದಿನಚರಿ ಬರೆದಿದ್ದೇನೆ, ಆದರೂ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಎರಡು ವರ್ಷದ ಹಿಂದೆ ನನಗೆ ಹೃದಯಾಘಾತವಾದ ದಿನದ ಪುಟ ತೆಗೆದರೆ ‘ಇವತ್ತು ಹಾಲಿನವನು ಬರಲಿಲ್ಲ’ ಎಂದಷ್ಟೇ ಇದೆ. ಬೆಳಿಗ್ಗೆ ಬರೆದಿರಬೇಕು. ಮುಂದಿನದಕ್ಕೆ ಪುರುಸೊತ್ತಾಗಲಿಲ್ಲ.

ಬರೆಯದೆ ಬಿಟ್ಟದ್ದನ್ನು ಬಾಯಿಂದ ಹೇಳಿ ತೀರಿಸಿದೆ. ನಮ್ಮ ಬನಹಟ್ಟಿಯಲ್ಲಿ ಯಾರಾದರೂ ದವಾಖಾನೆಯಿಂದ ಮನೆಗೆ ಬಂದರೆ, ಮಾತಾಡಿಸಲು ಬರುವವರು ತಿಂಗಳಾದರೂ ಮುಗಿಯುವುದಿಲ್ಲ. ಬಂದವರು ಮಂಚದ ಪಕ್ಕ ಕೂತು “ಹ್ಯಾಂಗಾತವ್ವಾ?” ಎನ್ನುತ್ತಾರೆ; ಮೊದಲಿನಿಂದ ಹೇಳಬೇಕು. ಓಣಿಯವರಿಗೆ ಹೇಳುವಾಗ ನೋವು ಎದೆಯಲ್ಲಷ್ಟೇ ಇತ್ತು. ಚಿಮ್ಮಡದ ಚಿಕ್ಕಮ್ಮನಿಗೆ ಹೇಳುವಷ್ಟರಲ್ಲಿ ತೋಳಿಗಿಳಿಯಿತು. ಗಲಗಲಿಯ ಬೀಗರಂತೂ ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಅಂಥವರನ್ನು ಸಣ್ಣ ನೋವು ಹೇಳಿ ಕಳಿಸುವುದು ಮರ್ಯಾದೆಯಲ್ಲ. ಅವರಿಗಾಗಿ ಬೆನ್ನು, ದವಡೆ, ತಣ್ಣನೆಯ ಬೆವರು ಎಲ್ಲ ಸೇರಿದವು. ನಮ್ಮ ಮನೆಯವರು ಪಕ್ಕದಲ್ಲಿ ನಿಂತು “ನನ್ನ ಕೈಯಾಗನ ಕುಸದ ಬಿದ್ಲು ನೋಡ್ರಿ” ಎನ್ನುತ್ತಿದ್ದರು. ಆ ದಿನ ಅವರು ಮುಧೋಳದಲ್ಲಿದ್ದರು. ಕೇಳಿ ಕೇಳಿ ನನಗೂ ಅವರ ಕೈ ನೆನಪಾಗತೊಡಗಿತ್ತು.

ಇದರ ಬಿಸಿ ಮುಟ್ಟಿದ್ದು ಈ ಸೋಮವಾರ. ವಾರದಿಂದ ಎದೆಯಲ್ಲಿ ಏನೋ ಹಿಡಿದು ಬಿಟ್ಟಂತಾಗುತ್ತಿತ್ತು. ಜಮಖಂಡಿಗೆ ಹೋದೆವು. ಇಸಿಜಿ ಚಂದ ಬಂತು, ರಕ್ತದ ಪರೀಕ್ಷೆಯೂ ಸರಿ ಇತ್ತು. ಡಾಕ್ಟರು ಕಾಗದ ಪಕ್ಕಕ್ಕಿಟ್ಟರು.

“ಅಕ್ಕಾರ, ಮೊದಲಿನ ಸಲ ಹ್ಯಾಂಗ ನೋಸಿತ್ತೋ ಈಗೂ ಹಂಗ ನೋಸಾಕತ್ತೈತೇನ್ರಿ? ಹಂಗ ಇದ್ರ ಇವತ್ತ ಬೆಳಗಾವಿಗೆ ಹೋಗ್ರಿ. ಬ್ಯಾರೆ ಇದ್ರ ನಾಕ ದಿನ ಗುಳಗಿ ತಗೊಂಡ ನೋಡೂಣು.”

ನಾನು ಬಾಯಿ ತೆರೆದೆ. ಓಣಿಯ ನೋವು, ಚಿಮ್ಮಡದ ನೋವು, ಗಲಗಲಿಯ ನೋವು, ಮೂರೂ ಒಟ್ಟಿಗೆ ನಾಲಿಗೆಗೆ ಬಂದವು. ಖರೆಯ ನೋವು ಮಾತ್ರ ಬರಲಿಲ್ಲ. ಮನೆಯವರು “ದವಡಿ, ಬೆನ್ನ ಎಲ್ಲಾ ಹಿಡದಿತ್ರಿ, ನನ್ನ ಕೈಯಾಗ...” ಎಂದು ಶುರು ಮಾಡಿದರು.

“ನೀವ ಸುಮ್ನಿರ್ರಿ, ನೋವು ಅವರದೈತಿ” ಎಂದರು ಡಾಕ್ಟರು.

“ಮನಿಗೆ ಹೋಗಿ ಕೇಳಿ ಹೇಳತೇನ್ರಿ” ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರನ್ನ ಕೇಳ್ತೀರಿ?”

“ನಮ್ಮ ಅತ್ತೀನ್ನ.”

“ಲಗೂನ ಕೇಳಿ ಫೋನ ಮಾಡ್ರಿ ಮತ್ತ.”

ಹೃದಯಾಘಾತವಾದ ದಿನ ನನ್ನ ಜೊತೆ ಮನೆಯಲ್ಲಿದ್ದದ್ದು ಅತ್ತೆಯೊಬ್ಬರೇ. ಮಾತಾಡಿಸಲು ಬಂದವರಿಗೆಲ್ಲ ಚಹಾ ಮಾಡಿಕೊಟ್ಟವರೂ ಅವರೇ; ನನ್ನ ಕಥೆಗೆ ಒಂದು ಮಾತು ಸೇರಿಸಿದವರಲ್ಲ, ತೆಗೆದವರೂ ಅಲ್ಲ. ನಾನು ಮನೆ ಮುಟ್ಟಿದಾಗ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

“ಅತ್ತೀ, ಖರೆ ಹೇಳ್ರಿ. ಅವತ್ತ ನಾ ಕೈ ಎಲ್ಲಿ ಇಟ್ಕೊಂಡಿದ್ದೆ?”

“ಎರಡ ವರ್ಷ ನೀ ಹೇಳಿದ್ದು ನಾ ಕೇಳೇನಿ. ಈಗ ನನ್ನ ಕೇಳಾಕ ಬಂದೀಯೇನ?” ಎಂದು ಮೊರ ಕೆಳಗಿಟ್ಟರು. ಆಮೇಲೆ ಬಲಗೈಯನ್ನು ಎದೆಯ ನಟ್ಟನಡುವೆ, ಕೊರಳಿನ ಲಿಂಗದ ಕರಡಿಗೆಗಿಂತ ಬೆರಳಷ್ಟು ಮೇಲೆ ಒತ್ತಿ ಹಿಡಿದರು.

ನಾನೂ ಅಲ್ಲಿಯೇ ಕೈಯಿಟ್ಟು ನೋಡಿಕೊಂಡೆ. ವಾರದಿಂದ ಹಿಡಿಯುತ್ತಿದ್ದ ಜಾಗ ಅದೇ. ಬೆಳಗಾವಿಗೆ ಹೋಗುವುದೇ ಸೈ ಎಂದು ಫೋನು ತೆಗೆದೆ. ನಂಬರು ಒತ್ತಿ ತಿರುಗಿ ನೋಡಿದರೆ ಅತ್ತೆಯ ಕೈ ಇನ್ನೂ ಅಲ್ಲೇ ಇತ್ತು.

“ಅತ್ತೀ, ನಂದು ತೋರಸಾಕತ್ತೀರೋ, ನಿಮಗ ನೋಸಾಕತ್ತೈತೋ?”

ಅವರು ಮೊರ ಎಳೆದುಕೊಂಡು ಜೋಳದಲ್ಲಿ ಹರಳು ಹುಡುಕತೊಡಗಿದರು. ನಾನು ಡಾಕ್ಟರಿಗೆ ಇಬ್ಬರ ಹೆಸರು ಹೇಳಿದೆ; ಚೀಲದಲ್ಲಿ ಇಬ್ಬರ ಸೀರೆ ಇಟ್ಟಿದ್ದೇನೆ, ಗಾಡಿ ಬರುವ ತನಕ ಇದನ್ನು ಬರೆಯುತ್ತಿದ್ದೇನೆ. ಈ ಎರಡು ವರ್ಷ ಬಂದವರೆಲ್ಲ ನನ್ನನ್ನೇ ಕೇಳಿದರು, ನಾನೂ ಹೇಳಿದ್ದೇ ಹೇಳಿದೆ. ಅತ್ತೆಗೆ ಹೇಗಿದೆ ಎಂದು ನಾನು ಕೇಳಿದ್ದು ಇದೇ ಮೊದಲು. ಅವರು ಇನ್ನೂ ಹರಳು ಹುಡುಕುತ್ತಿದ್ದಾರೆ.