ಸ್ವಿಚ್‌ಬೋರ್ಡಿನ ಜಾಗದ ಮೈನಸ್

ಕ್ಯಾಲ್ಕುಲಸ್ ಸಹಿತ ಭೌತಶಾಸ್ತ್ರವನ್ನು ಹೈಸ್ಕೂಲು ಮಕ್ಕಳಿಗೆ ಕಲಿಸಿ, ಕಲಿಸಿದ್ದನ್ನು ಗೋಡೆಯ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಸಿ ಫೋಟೋ ಕಳಿಸತಕ್ಕದ್ದು ಎಂಬ ಸುತ್ತೋಲೆ ಬಂದ ಮೂರನೇ ದಿನಕ್ಕೆ, ತಂಬ್ರಹಳ್ಳಿ ಆಚೆಯ ಒಂದು ಹೈಸ್ಕೂಲಿನಲ್ಲಿ ಗೋಡೆ ಒಣಗಿ, ಕಲಿಕೆ ಸಂಪೂರ್ಣಗೊಂಡಿತು.

ಬರೆದವನು ಅಂಗಡಿ ಬೋರ್ಡುಗಳ ಪೇಂಟರ್ ಮಾರಣ್ಣ. ಮೇಲೆಸೆದ ಚೆಂಡಿನ ಲೆಕ್ಕದಲ್ಲಿ ಕೆಳಗೆಳೆಯುವ ಗುರುತ್ವವನ್ನು ಸೂಚಿಸುವ g ಹಿಂದಿನ ಮೈನಸ್ ಚಿಹ್ನೆ ನೆಟ್ಟಗೆ ಸ್ವಿಚ್‌ಬೋರ್ಡಿನ ಜಾಗಕ್ಕೇ ಬಂತು. ಸ್ವಿಚ್‌ಬೋರ್ಡಿಗೆ ಬಣ್ಣ ಬಳಿಯುವುದು ನಿಷಿದ್ಧವಾದ್ದರಿಂದ ಮೈನಸ್ಸನ್ನು ಕೈಬಿಡಲಾಯಿತು. ಅಂದಿನಿಂದ ಆ ಶಾಲೆಯಲ್ಲಿ ಮೇಲೆಸೆದ ಚೆಂಡು ಕೆಳಗೆ ಬರುವುದು ನಿಂತಿತು.

ಹತ್ತನೇ ತರಗತಿಯ ಸುಜಾತಾ ಅಕ್ಕನ ಪಿಯುಸಿ ಪುಸ್ತಕ ಹಿಡಿದು ಬೇಸಿಗೆಯೆಲ್ಲ ಕ್ಯಾಲ್ಕುಲಸ್ ಕಲಿತವಳು. ಜಿಲ್ಲಾ ವಿಜ್ಞಾನ ಸ್ಪರ್ಧೆಗೆ ಶಾಲೆಯಿಂದ ಒಬ್ಬರಿಗೇ ಅವಕಾಶ. ಆಯ್ಕೆ ಪರೀಕ್ಷೆಯಲ್ಲಿ ಅವಳು ಗೋಡೆಯಲ್ಲಿಲ್ಲದ ಮೈನಸ್ ಹಾಕಿದಳು, ಸೊನ್ನೆ ಅಂಕ ಬಂತು. ಮೈಯೆಲ್ಲ ಉರಿದುಹೋಯಿತು. ಸೀದಾ ಹೆಡ್‌ಮಾಸ್ತರ ವೆಂಕಟೇಶರ ಮುಂದೆ ನಿಂತಳು.

"ಸರ್, ಚೆಂಡು ಕೆಳಗ ಬರ್ತೈತಲ್ರಿ."

"ಬರ್ತೈತವ್ವ, ಯಾರು ಇಲ್ಲ ಅಂದ್ರು? ಆದ್ರ ಗೋಡಿ ಫೋಟೋ ಮೇಲಕ್ಕ ಹೋಗೈತಿ. ಅದು ಕೆಳಗ ಬರಂಗಿಲ್ಲ."

ಹುಡುಗಿ ಪಟ್ಟು ಬಿಡಲಿಲ್ಲ. ಶಿಕ್ಷಣ ಇಲಾಖೆಗೆ ಅರ್ಜಿ ಬರೆದಳು. ಪರಿಣಾಮವಾಗಿ ಇಲಾಖೆಯ ಅಧಿಕಾರಿ ತಿಪ್ಪೇರುದ್ರಮ್ಮ ಮೇಡಂ ಅಧ್ಯಕ್ಷತೆಯಲ್ಲಿ ತ್ರಿಸದಸ್ಯ ತನಿಖಾ ಸಮಿತಿ ಆಗಮಿಸಿ, ಮೊದಲು ಉಪ್ಪಿಟ್ಟನ್ನೂ ನಂತರ ಗೋಡೆಯನ್ನೂ ಪರಿಶೀಲಿಸಿತು. ಮೈದಾನದಲ್ಲಿ ಡ್ರಿಲ್ ಮಾಸ್ತರ ಹೊನ್ನೂರಸ್ವಾಮಿ ಚೆಂಡನ್ನು ಮೇಲೆಸೆದರು. ಅದು ಹೋದಷ್ಟೇ ಬೇಗ ಬಂದು, ಪುಟಿದು, ಸುಜಾತಾಳ ಕಾಲ ಬಳಿ ನಿಂತಿತು. ಅವಳು ಅದನ್ನು ಎತ್ತಿಕೊಂಡು ಅಧ್ಯಕ್ಷೆಯ ಮುಖ ನೋಡಿದಳು.

ಮೇಡಂ ಗಂಭೀರವಾಗಿ ಷರಾ ಬರೆದರು: "ಸುತ್ತೋಲೆಯ ಪ್ರತಿ ಸದರಿ ಚೆಂಡಿಗೆ ತಲುಪಿರುವುದಿಲ್ಲ. ತಲುಪಿದ ನಂತರ ವರ್ತನೆ ಸರಿಹೋಗತಕ್ಕದ್ದು."

"ಮೇಡಂ, ಸ್ಟಾಕ್ ಬುಕ್ಕಿನ್ಯಾಗ ಚೆಂಡು ವಾಪಸ್ ಬಂತು ಅಂತ ಬರೀಲೇನ್ರಿ?" ಎಂದರು ಹೊನ್ನೂರಸ್ವಾಮಿ.

"ಬಂತು ಅಂದ್ರ ಗೋಡಿ ತಪ್ಪಾಗ್ತೈತಲ್ರಿ. ಹೋಗೈತಿ, ಇನ್ನೂ ಬಂದಿಲ್ಲ ಅಂತ ಬರೀರಿ. ಈ ಹುಡುಗಿ ಸಾಕ್ಷಿ ಸಹಿ ಹಾಕ್ಲಿ. ಹಾಕಿದ್ರ ಸ್ಪರ್ಧೆಗೆ ಆಕಿನ್ನೇ ಕಳಸ್ರಿ."

ಸುಜಾತಾ ತೆರೆದ ಬಾಗಿಲಿನಿಂದ ತರಗತಿಯ ಗೋಡೆ ನೋಡಿದಳು, ಸ್ವಿಚ್‌ಬೋರ್ಡ್ ನೋಡಿದಳು. ಬೇಸಿಗೆಯೆಲ್ಲ ಓದಿದ್ದು ನೆನಪಾಯಿತು. ಆಮೇಲೆ ಎಡಗೈಯಲ್ಲಿ ಚೆಂಡು ಹಿಡಿದುಕೊಂಡು, ಚೆಂಡು ಬಂದಿರುವುದಿಲ್ಲ ಎಂಬುದಕ್ಕೆ ಬಲಗೈಯಲ್ಲಿ ಸಹಿ ಹಾಕಿದಳು.

"ಸರ್, ಇದನ್ನ ಎಲ್ಲಿ ಇಡ್ಲಿ?"

ಹೊನ್ನೂರಸ್ವಾಮಿ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದರು. "ಯಾವುದನ್ನವ್ವ?"

ಸಮಿತಿಯೂ ಮೇಲೆ ನೋಡಿತು. ಸುಜಾತಾ ಚೆಂಡನ್ನು ಬ್ಯಾಗಿಗೆ ಹಾಕಿಕೊಂಡು, ತಾನೂ ತಲೆಯೆತ್ತಿ ನೋಡಿದಳು.