ಮೂರೂರಿಗೆ ಒಬ್ಬನೇ ಮಲ್ಲ

ಸ್ವಂತ ಧಂದೆ ಮಾಡುವವನ ತಲೆಯ ಮೇಲೆ ಯಜಮಾನನಿರುವುದಿಲ್ಲ ಎಂದು ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಚಿತ್ರ ಬರೆದು ಹೊಟ್ಟೆ ಹೊರೆಯಬೇಕೆನ್ನುವವರು ಆಗಾಗ ನನ್ನ ಬಳಿ ಬಂದು ಕೂಡುತ್ತಾರೆ. ಅವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಬುದ್ಧಿ ಹೇಳಿ ಕಳಿಸುತ್ತೇನೆ. ಅದರಲ್ಲಿ ಮೊದಲನೆಯದು, ಏನಾದರೂ ಆಗಲಿ, ದರ ಬಿಡಬೇಡಿ ಎಂಬುದು. ಗಿರಾಕಿ ಬಹಳ ಜಗ್ಗಿದರೆ ಬೇರೆ ಏನನ್ನಾದರೂ ಬಿಟ್ಟುಕೊಡಿ. ಅಂಚಿಗೊಂದು ಹೂಬಳ್ಳಿ ಹೆಚ್ಚಿಗೆ ಎಳೆಯಿರಿ, ಚಹಾದ ದುಡ್ಡು ನೀವೇ ಕೊಡಿ, ಅವನ ಮಗಳ ಮದುವೆಗೆ ಹೋಗಿ ಬನ್ನಿ. ದರ ಮಾತ್ರ ಕದಲಬಾರದು. ಈ ಬುದ್ಧಿಯನ್ನು ನಾನು ಯಾರಿಂದಲೂ ಸಾಲ ತಂದದ್ದಲ್ಲ, ಸ್ವಂತದ್ದು. ಇದನ್ನು ಬಿಡದೆ ಪಾಲಿಸಿದ್ದರಿಂದಲೇ ಒಬ್ಬ ಮನುಷ್ಯನನ್ನು ಸಿಂಧನೂರಿನಲ್ಲಿ ಸಾಯಿಸಿ, ಲಿಂಗಸುಗೂರಿನಲ್ಲಿ ಅವನ ಮದುವೆ ಮಾಡಿಸಿ, ಮಸ್ಕಿಯಲ್ಲಿ ಅವನನ್ನು ಬ್ರಹ್ಮಚಾರಿಯಾಗಿ ಉಳಿಸಿಕೊಂಡು, ಕೊನೆಗೆ ಅವನು ಯಾರೆಂಬುದೇ ನನಗೆ ತಿಳಿಯದ ಸ್ಥಿತಿಗೆ ಬಂದೆ.

ಮೊದಲು ನಾನು ಬರೀ ಬೋರ್ಡು ಬರೆಯುವ ಪೇಂಟರನಾಗಿದ್ದೆ. ನಿಜಾಮರ ಆಡಳಿತ ಮುಗಿದ ಹೊಸತು. ಅಂಗಡಿಗಳವರೆಲ್ಲ ಉರ್ದು ಬೋರ್ಡು ಇಳಿಸಿ ಕನ್ನಡ ಬರೆಸಬೇಕೋ, ಎರಡೂ ಇರಲೋ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಸಂತೆಯಲ್ಲಿ ನಿಜಾಮರ ಹಾಲಿ ರೂಪಾಯಿ, ಇಂಡಿಯಾ ಸರಕಾರದ ಕಲ್ದಾರ್ ರೂಪಾಯಿ ಎರಡೂ ನಡೆಯುತ್ತಿದ್ದವು. ಒಟ್ಟಿನಲ್ಲಿ ಊರಿಗೆ ಊರೇ ಗೊಂದಲದಲ್ಲಿದ್ದಾಗ ಚೌಕಾಶಿ ಬಲ್ಲವನು ಬದುಕಿಕೊಳ್ಳುತ್ತಾನೆ; ನಾನೂ ಬದುಕಿಕೊಂಡೆ. ಆದರೆ ಬೋರ್ಡು ಒಮ್ಮೆ ಬರೆದರೆ ಹತ್ತು ವರ್ಷ ಅಳಿಯುವುದಿಲ್ಲ. ಬೇಗ ಅಳಿಯುವ ಬಣ್ಣ ಹಚ್ಚುವಷ್ಟು ಕೆಟ್ಟವನಲ್ಲ ನಾನು. ಹೀಗಾಗಿ ಕೆಲಸ ಕಡಿಮೆಯಾದಾಗ, ಸಿಂಧನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಮಾವನವರು ಮನೆಗೆ ಬಂದು ಕೂತರು. "ಅಳಿಯಾರ, ಗ್ವಾಡಿಗೆ ಬಣ್ಣ ಬಳ್ಕೋಂತ ಬಿಸಲಾಗ ಯಾಕ ಅಡ್ಡಾಡ್ತೀರಿ? ನಮ್ಮ ಅಂಗಡ್ಯಾಗ ಕುಂತು ಬೆಲ್ಲ ತೂಗ್ರಿ. ನೆಳ್ಳರ ಇರ್ತದ," ಎಂದರು. ದೀಪಾವಳಿಯವರೆಗೆ ನೋಡುತ್ತೇನೆ, ಅಷ್ಟರೊಳಗೆ ನನ್ನ ಧಂದೆ ತನ್ನ ಕಾಲ ಮೇಲೆ ನಿಲ್ಲದಿದ್ದರೆ ತಕ್ಕಡಿ ಹಿಡಿಯುತ್ತೇನೆ ಎಂದು ಮಾತು ಕೊಟ್ಟೆ. ಬೆಲ್ಲದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾವನ ಎದುರು ದಿನವಿಡೀ ಕೂತು ನೊಣ ಹೊಡೆಯುವುದೆಂದರೆ ನನ್ನಂಥವನಿಗೆ ಜೈಲೇ.

ಆಗ ಹೊಳೆದದ್ದು ಚಿತ್ರದ ಕಥೆ. ದೊಡ್ಡ ಹಾಳೆಯ ಮೇಲೆ ಎಂಟು ಚೌಕದ ಮನೆ ಗೀಚಿ, ಮನೆಗೊಂದು ಚಿತ್ರದಂತೆ ಮಲ್ಲನೆಂಬ ಬಂಡಿ ಹೊಡೆಯುವವನ, ಅವನು ಮನಸೋತ ಕೆಂಚಿಯೆಂಬ ಹುಡುಗಿಯ ಕಥೆ ಬರೆದೆ. ವಾರಕ್ಕೊಂದು ಹಾಳೆ. ನನ್ನ ಹೆಂಡತಿ ಗೌರವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಕಲು ತೆಗೆಯುತ್ತಿದ್ದಳು. ಸಿಂಧನೂರಿನ ಹೋಟೆಲಿನ ವೀರಭದ್ರಪ್ಪನವರು, ಲಿಂಗಸುಗೂರಿನ ಬಟ್ಟೆ ಅಂಗಡಿಯ ಚನ್ನಬಸಪ್ಪನವರು, ಮಸ್ಕಿಯ ಖಾನಾವಳಿಯ ನಾಗಮ್ಮ, ಮೂವರೂ ವಾರದ ಬಾಡಿಗೆಗೆ ಅದನ್ನು ಗೋಡೆಗೆ ಹಚ್ಚಿಕೊಳ್ಳಲು ಒಪ್ಪಿದರು. ಮುಂದೇನಾಯಿತೆಂದು ನೋಡಲು ಜನ ಮರುವಾರ ಬರಲೇಬೇಕು, ಬಂದವರು ಸುಮ್ಮನೆ ಹೋಗಲಾರರು ಎಂಬುದು ಲೆಕ್ಕ. ಲಿಂಗಸುಗೂರಿನಲ್ಲಿ ಮೊದಲ ವಾರವೇ ಒಂದು ತೊಡಕಾಯಿತು. ಉರ್ದು ಶಾಲೆಯಲ್ಲಿ ಓದಿದ ಕಚೇರಿಯ ಮುನ್ಶಿಯೊಬ್ಬರು ಹಾಳೆಯನ್ನು ಬಲಗಡೆಯಿಂದ ನೋಡಿದರು. ಅವರ ಪಾಲಿಗೆ ಮಲ್ಲ ಮೊದಲು ಒದೆ ತಿಂದ, ಆಮೇಲೆ ಕಳವು ಮಾಡಿದ. "ಬರೋಬ್ಬರಿ ಬರದೀರಿ, ನಮ್ಮ ಕಚೇರ್ಯಾಗೂ ಹಿಂಗ ನಡೀತದ," ಎಂದು ಬೆನ್ನು ಚಪ್ಪರಿಸಿದರು. ಅಂದಿನಿಂದ ಮನೆಮನೆಗೂ ಅಂಕಿ ಹಾಕತೊಡಗಿದೆ.

ಕೆಲವು ವಾರ ಕಳೆದ ಮೇಲೆ ಚೌಕಾಶಿ ಶುರುವಾಯಿತು. ವೀರಭದ್ರಪ್ಪನವರು ಬಾಡಿಗೆ ಇಳಿಸಿ ಎಂದರು. "ಅದೊಂದು ಆಗಂಗಿಲ್ಲ, ಬ್ಯಾರೆ ಏನರ ಕೇಳ್ರಿ," ಎಂದೆ. ಅವರು ಒಲೆಯ ಮೇಲಿನ ಚಹಾ ನೋಡುತ್ತ ಯೋಚಿಸಿದರು. "ಹಂಗಾದ್ರ ಮಲ್ಲನ್ನ ಸಾಯಸ್ರಿ. ನಗೋ ಮಂದಿ ಒಂದು ಕಪ್ಪು ಕುಡದು ಎದ್ದು ಹೋಗ್ತಾರ. ಮನಸಿಗೆ ಹಚ್ಚಿಕೊಂಡಾವ ಇನ್ನೊಂದು ಕಪ್ಪು ಹೇಳ್ತಾನ." ದರ ಉಳಿಯಿತಲ್ಲ ಎಂದು ಗೊರೇಬಾಳದ ಕಡೆ ಕಾಲುವೆ ಅಗೆಯುವಲ್ಲಿ ಮಲ್ಲನ ಬಂಡಿ ಉರುಳಿಸಿ ಸಾಯಿಸಿದೆ. ಅದೇ ವಾರ ಚನ್ನಬಸಪ್ಪನವರೂ ಬಾಡಿಗೆಯ ಮಾತೆತ್ತಿದರು. ಕೊನೆಗೆ, "ಇರ್ಲಿ ಬಿಡ್ರಿ. ಆದ್ರ ಮಲ್ಲಗ ಆ ಕೆಂಚಿನ ತಂದು ಮದಿವಿ ಮಾಡ್ರಿ. ಹಟ್ಟಿ ಗಣಿಯಾಗ ಪಗಾರ ತಗೊಂಡ ಮಂದಿ ಇಲ್ಲಿಗೇ ಬರ್ತಾರ. ಕೆಂಚಿ ಉಟ್ಟ ಸೀರಿ ನಮ್ಮ ಅಂಗಡ್ಯಾಗಿಂದ ಇರಬೇಕು, ಅಂಚು ಸೈತ," ಎಂದರು. ಅವರ ಹಾಳೆಯಲ್ಲಿ ಮದುವೆ ಮಾಡಿದೆ. ಆ ಹಾಳೆಯನ್ನೇ ಮಸ್ಕಿಗೆ ಒಯ್ದರೆ ನಾಗಮ್ಮ ಹಿಟ್ಟಿನ ಕೈಯಲ್ಲೇ ತಡೆದಳು. "ಮದಿವಿಯಾದಾವನ್ನ ನನ್ನ ಗ್ವಾಡಿಗೆ ಹಚ್ಚಬ್ಯಾಡ್ರಿ."

"ಯಾಕ ಅಕ್ಕಾ, ಹಾಲುಮನಸಿನ ಹುಡುಗಿ ಕೆಂಚಿ."

"ಆಕಿ ಹೆಂಗರ ಇರ್ಲಿ. ಮನ್ಯಾಗ ರೊಟ್ಟಿ ಬಡಿಯಾಕಿ ಬಂದ್ಲಂದ್ರ ಖಾನಾವಳಿಗೆ ಯಾವ ಗಂಡಸು ಬರ್ತಾನ? ಹಂಗಿದ್ರ ಬಾಡಿಗಿ ಅರ್ಧ ಮಾಡ್ರಿ."

ಅರ್ಧ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಅಲ್ಲೇ ಕೂತು ಹೊಸ ಹಾಳೆ ಬರೆದು ಮಲ್ಲನ ಮದುವೆ ಮುರಿದೆ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ಕಥೆ. ಸಿಂಧನೂರಿನಲ್ಲಿ ಹೆಣ ಮನೆ ಸೇರುವುದಕ್ಕೇ ವಾರಗಟ್ಟಲೆ ಹಿಡಿಯಿತು. ಎಷ್ಟೋ ಸಲ ಸತ್ತವನಿಗೆ ಬಾಸಿಂಗ ಕಟ್ಟಿಬಿಟ್ಟು ಗೌರವ್ವನಿಂದ ಬೈಸಿಕೊಂಡೆ. ಆದರೂ ನಡೆಯುತ್ತಿತ್ತು, ಈ ಊರುಗಳ ನಡುವೆ ಬಸ್ಸೊಂದು ಓಡಾಡದಿದ್ದರೆ. ಹಟ್ಟಿಯ ಕೂಲಿಯೊಬ್ಬ ಲಿಂಗಸುಗೂರಿನಲ್ಲಿ ಮಲ್ಲನ ಮದುವೆ ನೋಡಿ, ಹೆಂಡತಿಗೆ ಕೆಂಚಿಯ ಸೀರೆ ಕೊಡಿಸಿ, ಬೀಗರ ಮನೆಗೆಂದು ಸಿಂಧನೂರಿಗೆ ಬಂದ. ಚಹಾ ಕುಡಿಯುತ್ತ ತಲೆ ಎತ್ತಿದರೆ ಗೋಡೆಯ ಮೇಲೆ ಮಲ್ಲನ ಹೆಣ. ಮರುದಿನವೇ ಅವನ ಹೆಂಡತಿ ಸೀರೆಯನ್ನು ಚನ್ನಬಸಪ್ಪನವರ ಮುಂದೆ ಇಟ್ಟಳಂತೆ: "ಗಂಡನ್ನ ಕಳಕೊಂಡಾಕಿ ಸೀರಿ ನನಗ ಬ್ಯಾಡ." ಅವಳ ಹಿಂದೆ ಇನ್ನೂ ಕೆಲವರು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಜನ ನನ್ನ ತೋಳು ಹಿಡಿದು, "ಮಲ್ಲ ಸತ್ತಾನಂತಲ್ರಿ, ಖರೇನು?" ಎಂದು ಕೇಳತೊಡಗಿದರು. "ನಿಮ್ದು ಯಾವೂರು?" ಎನ್ನುತ್ತಿದ್ದೆ. ಮಸ್ಕಿ ಎಂದರೆ, "ನಿಮ್ಮೂರಾಗ ಅರಾಮ ಅದಾನ, ಹೋಗ್ರಿ."

ಇದೇ ಹೊತ್ತಿಗೆ ರಾಯಚೂರಿನ ಕಲ್ಲಚ್ಚಿನ ಪ್ರೆಸ್ಸಿನವರೊಬ್ಬರು ಹೇಳಿ ಕಳಿಸಿದರು. ಉರ್ದು ಕೆಲಸ ಕಡಿಮೆಯಾಗಿ ಅವರ ಕಲ್ಲುಗಳು ಖಾಲಿ ಬಿದ್ದಿದ್ದವು. ಮಲ್ಲನ ಪುಸ್ತಕ ಅಚ್ಚು ಹಾಕುತ್ತೇನೆ, ಆದರೆ ನಿಮ್ಮ ಮೂವರು ಗಿರಾಕಿಗಳೂ ತಮ್ಮ ತಮ್ಮ ಊರಿನಲ್ಲಿ ಮಾರಲು ಒಪ್ಪಬೇಕು, ಕಥೆ ಒಂದೇ ಇರಬೇಕು ಎಂದರು. ದೀಪಾವಳಿಗೆ ಇನ್ನೆರಡೇ ತಿಂಗಳು ಉಳಿದಿತ್ತು. ಪುಸ್ತಕವಾದರೆ ನಾನು ಸ್ವತಂತ್ರ, ಆಗದಿದ್ದರೆ ಬೆಲ್ಲ. ಮಸ್ಕಿ ಉಳಿದೆರಡೂ ಊರಿಗೆ ನಡುವಿನದೆಂದು ಮೂವರನ್ನೂ ನಾಗಮ್ಮನ ಖಾನಾವಳಿಯಲ್ಲಿ ಕೂಡಿಸಿದೆ. ಮೂರೂ ಊರಿನ ಹಾಳೆಗಳನ್ನು ಗೋಡೆಗೆ ಹಚ್ಚಿದೆ.

"ಮಲ್ಲ ಸತ್ತಾನ. ನಮ್ಮ ಮಂದಿ ಅತ್ತು ಮುಗಿಸ್ಯಾರ," ಎಂದರು ವೀರಭದ್ರಪ್ಪ. "ಈಗ ಬದುಕ್ಯಾನಂದ್ರ ಆ ಅಳು ತಿರುಗಿ ಕೊಡ್ತೀರೇನು?"

"ನನ್ನ ಸೀರಿ ತಿರುಗಿ ಬಂದಾವಲ್ಲ, ಅದಕ್ಕೇನಂತೀರಿ?" ಎಂದರು ಚನ್ನಬಸಪ್ಪ.

"ಮೊದಲ ಉಣ್ರಿ," ಎಂದಳು ನಾಗಮ್ಮ, ರೊಟ್ಟಿ ಹಾಕುತ್ತ. "ಹಸದ ಹೊಟ್ಟ್ಯಾಗ ಯಾರನ್ನೂ ಸಾಯಸಬ್ಯಾಡ್ರಿ."

ನನಗೆ ಗೊತ್ತಿದ್ದ ಚೌಕಾಶಿಯನ್ನೆಲ್ಲ ಮಾಡಿದೆ. ಮದುವೆಯಾಗಿ ಆಮೇಲೆ ಸಾಯಲಿ ಎಂದರೆ ಚನ್ನಬಸಪ್ಪ ಎದ್ದು ನಿಂತರು. ಸತ್ತಂತೆ ಕನಸು ಕಂಡ ಎಂದರೆ ವೀರಭದ್ರಪ್ಪ, "ನಮ್ಮ ಮಂದಿಗೆ ಮೋಸ ಆತು," ಎಂದರು. ಮಾತಿನ ಗದ್ದಲದಲ್ಲಿ ನಾನು ನಾಗಮ್ಮನ ಮುಂದೆ ಮದುವೆಯ ಪರವಾಗಿ, ಚನ್ನಬಸಪ್ಪನವರ ಮುಂದೆ ಬ್ರಹ್ಮಚರ್ಯದ ಪರವಾಗಿ ವಾದಿಸುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ ತಿಳಿಯಿತು. ಪಲ್ಯ ಬಡಿಸಲು ಬಂದ ನಾಗಮ್ಮ ಸೌಟು ಹಿಡಿದು ಗೋಡೆಯ ಮುಂದೆ ನಿಂತಳು. "ಇವರು ಮೂವರು ಅಣ್ಣತಮ್ಮಂದಿರೇನ್ರಿ? ಮಾರಿ ಒಂದ ನಮೂನಿ ಅದಾವ."

ಗಂಡಸರಿಬ್ಬರೂ ತಟ್ಟೆ ಬಿಟ್ಟು ಗೋಡೆಯ ಹತ್ತಿರ ಬಂದರು. "ಹಿರಿಯಾವ ನಮ್ಮಾವ," ಎಂದರು ವೀರಭದ್ರಪ್ಪ. "ನಡುವಿನಾವ ನನಗಿರ್ಲಿ," ಎಂದರು ಚನ್ನಬಸಪ್ಪ. "ಸಣ್ಣಾವ ಇಲ್ಲೇ ಉಂಡಕೊಂಡಿರ್ಲಿ," ಎಂದಳು ನಾಗಮ್ಮ. ಹೊಲ ಹಂಚಿಕೊಂಡಂತೆ ಹಂಚಿಕೊಂಡರು. ನಾನು ಎದೆ ಗಟ್ಟಿ ಮಾಡಿಕೊಂಡು ಪುಸ್ತಕದ ದರ ಹೇಳಿದೆ. ಮೂವರೂ ಹೂಂ ಎಂದರು, ಯಾರೂ ಚೌಕಾಶಿ ಮಾಡಲಿಲ್ಲ. ನನ್ನ ಜನ್ಮದಲ್ಲಿ ಅಂಥ ಹೆದರಿಕೆ ಎಂದೂ ಆಗಿರಲಿಲ್ಲ. ಒಂದು ಪುಸ್ತಕದ ದರಕ್ಕೆ ಮೂವರ ಬಾಳು ಬರೆಯಬೇಕು, ಗುರುತು ಸಿಗುವಂತೆ ಹಿರಿಯನಿಗೆ ದಪ್ಪ ಮೀಸೆ, ನಡುವಿನವನಿಗೆ ಸಣ್ಣ ಮೀಸೆ, ಕಿರಿಯನಿಗೆ ಕುಡಿಮೀಸೆ ಹಚ್ಚಿ ಹಳೆಯ ಹಾಳೆಗಳನ್ನೆಲ್ಲ ತಿದ್ದಬೇಕು ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಪುಸ್ತಕ ಅಚ್ಚಾಯಿತು, ಮೂರೂ ಊರಿನಲ್ಲಿ ಖರ್ಚಾಯಿತು. ಪ್ರೆಸ್ಸಿನವರು ಎರಡನೆಯ ಅಚ್ಚಿಗೆ ಹಾಳೆ ಕೇಳಿದರು. ಮೂವರೂ ತಮ್ಮ ತಮ್ಮವನ ಮೀಸೆ ಇನ್ನಷ್ಟು ಎದ್ದು ಕಾಣಲೆಂದರು. ದೀಪಾವಳಿಗೆ ಮಾವನವರು ಬಂದಾಗ ನಾನು ಅದೇ ಕೆಲಸದಲ್ಲಿದ್ದೆ. ಅವರು ಪುಸ್ತಕವನ್ನು ಮೊದಲಿಂದ ಕಡೆಯವರೆಗೆ, ಬೇಳೆ ಆರಿಸುವಂತೆ ನೋಡಿದರು. ತಕ್ಕಡಿಯ ಮಾತೆತ್ತಲಿಲ್ಲ.

"ಛಲೋ ಬರದೀರಿ ಅಳಿಯಾರ," ಎಂದರು. "ಆದ್ರ ಹಿರಿಯಾವ ಸತ್ತ. ನಡುವಿನಾವ ಹೆಣ್ತಿ ಕೂಡ ಅದಾನ. ಸಣ್ಣಾವ ಖಾನಾವಳಿ ಬಿಟ್ಟು ಏಳವಲ್ಲ. ಈ ಮೂವರಿಗೂ ದುಡದು ಹಾಕಾವ ಯಾರು?"

ನಾನು ಕುಂಚವನ್ನು ಮತ್ತೆ ಮಸಿಯಲ್ಲಿ ಅದ್ದಿದೆ. ಸತ್ತವನ ಮೀಸೆ ಮುಗಿದಿತ್ತು; ಇನ್ನೂ ಇಬ್ಬರದು ಬಾಕಿ ಇತ್ತು.